ಮೂರೂವರೆ ಅಡಿಯ ರೈಲ್ವೆ ಯಾರ್ಡ್

ಮಾದರಿ ರೈಲು ಎಂದೊಡನೆ ದೊಡ್ಡ ಬಂಗಲೆ, ವಿಶಾಲವಾದ ಮೇಜು, ಅದರ ಮೇಲೆ ಗಿರಗಿರನೆ ಸುತ್ತುವ ಗಾಡಿ ಕಣ್ಮುಂದೆ ಬರುತ್ತದೆ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿರುವ ನಮಗೆ ಅಷ್ಟು ಜಾಗ ಎಲ್ಲಿಂದ ಬರಬೇಕು? ಹಳಿಯ ಅಗಲ ಕೇವಲ 9 ಮಿ.ಮೀ. ಇರುವ ‘ಎನ್’ ಗೇಜಿನ ಗಾಡಿ ಕೂಡ ಒಂದು ಸುತ್ತು ಬರಲು ಸಾಮಾನ್ಯವಾಗಿ ಎರಡಡಿಯಷ್ಟು ಅಗಲದ ಹಲಗೆ ಬೇಡುತ್ತದೆ. ಹಾಗಾಗಿ ಸುತ್ತುವುದನ್ನೇ ಕೈಬಿಟ್ಟೆವು.

ನೆರವಿಗೆ ಬಂದದ್ದು ಬ್ರಿಟನ್ನಿನ ಹವ್ಯಾಸಿ ಅಲನ್ ರೈಟ್ ರೂಪಿಸಿದ ‘ಇಂಗಲ್‌ನುಕ್ ಸೈಡಿಂಗ್ಸ್’ ವಿನ್ಯಾಸ. ಎರಡು ಪಾಯಿಂಟ್, ಮೂರು ಕವಲು ಹಳಿ. ಒಂದರಲ್ಲಿ ಐದು ವ್ಯಾಗನ್ ಹಿಡಿಸುತ್ತವೆ, ಉಳಿದೆರಡರಲ್ಲಿ ಮೂರು ಮೂರು. ಇಂಜಿನ್ ಹಿಂದೆ ಮುಂದೆ ಚಲಿಸುವ ಹಳಿಯಲ್ಲೂ ಅದರೊಂದಿಗೆ ಮೂರಕ್ಕೇ ಜಾಗ. ಎಂಟು ವ್ಯಾಗನ್‌ಗಳ ಪೈಕಿ ಚೀಟಿಯಲ್ಲಿ ಬಂದ ಐದನ್ನು, ಬಂದ ಕ್ರಮದಲ್ಲೇ ಜೋಡಿಸಬೇಕು. ಲೆಕ್ಕ ಹಾಕಿದರೆ 6,720 ಬಗೆ! ಮೂರೂವರೆ ಅಡಿ ಉದ್ದ, ಒಂಬತ್ತು ಅಂಗುಲ ಅಗಲದ ಹಲಗೆ ಸಾಕಾಯಿತು. ಆಟ ಮುಗಿದರೆ ಕಪಾಟಿನ ಮೇಲೆ.

ಇಂಜಿನ್ ಮತ್ತು ಹಳಿಗೆ ಹಣ ಸುರಿಯಲೇಬೇಕು, ಅದರಲ್ಲಿ ರಿಯಾಯಿತಿಯಿಲ್ಲ. ಉಳಿದದ್ದು ಮನೆಯದೇ. ಸೋಸಿದ ಚಹಾಪುಡಿ ಒಣಗಿಸಿ ಎರಚಿದರೆ ಮಣ್ಣು, ಜರಡಿ ಹಿಡಿದ ಮರಳೇ ಜಲ್ಲಿ. ಮದುವೆ ಆಮಂತ್ರಣಗಳ ರಟ್ಟಿನಿಂದ ಗೂಡ್ಸ್ ಶೆಡ್ ಎದ್ದಿತು. (ನಮ್ಮ ನೆಂಟರ ಸಂಖ್ಯೆಗೆ ಇಡೀ ಊರನ್ನೇ ಕಟ್ಟಬಹುದಿತ್ತು.)

ಆದರೆ ಮನೆಯಲ್ಲಿ ಒಬ್ಬರಿಗೆ ಇದು ಆಟವಾಗಿರಲಿಲ್ಲ. ನಮ್ಮ ತಂದೆ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರು. ಮಳೆಯಲ್ಲಿ, ರಾತ್ರಿ ಪಾಳಿಯಲ್ಲಿ, ಲಾಂದ್ರ ಹಿಡಿದು ಎರಡು ವ್ಯಾಗನ್‌ಗಳ ನಡುವೆ ನುಗ್ಗಿ ಕೊಂಡಿ ಹಾಕುತ್ತಿದ್ದರು. ಅದೇ ಕೆಲಸದಲ್ಲಿ ಜೊತೆಗಾರರೊಬ್ಬರ ಕೈ ಜಜ್ಜಿಹೋದದ್ದನ್ನು ಅವರು ಮೊದಲ ಬಾರಿಗೆ ನಮಗೆ ಹೇಳಿದ್ದು ಈ ಹಲಗೆಯ ಮುಂದೆ ಕುಳಿತಾಗ. ಅಷ್ಟು ವರ್ಷ ಅವರ ಸಂಬಳದಲ್ಲಿ ಉಂಡ ನಮಗೆ ಆ ಕೆಲಸ ಎಂಥದ್ದೆಂದು ಗೊತ್ತೇ ಇರಲಿಲ್ಲ.

ಮಾದರಿಯ ವ್ಯಾಗನ್‌ಗಳು ತಾಗಿದೊಡನೆ ತಾವೇ ಕಚ್ಚಿಕೊಳ್ಳುತ್ತವೆ. “ಇಲ್ಲಿ ಮನುಷ್ಯನೇ ಬೇಡವಲ್ಲ!” ಎಂದರು. ಸಂತೋಷವೋ ಬೇಸರವೋ ತಿಳಿಯಲಿಲ್ಲ. 1:160 ಪ್ರಮಾಣದಲ್ಲಿ ಮನುಷ್ಯ ಒಂದು ಸೆಂಟಿಮೀಟರ್‌ನಷ್ಟೇ ಎತ್ತರ. ಅಂತಹ ಗೊಂಬೆಯೊಂದನ್ನು ಹಳಿಗಳ ನಡುವೆ ನಿಲ್ಲಿಸಿದಾಗ ಅವರು ಅದನ್ನು ಎತ್ತಿ ದೂರ ಇಟ್ಟರು.

ಆಮೇಲೆ ಒಂದು ನಿಯಮವನ್ನೂ ಮಾಡಿದರು. ವ್ಯಾಗನ್ ತಾಗಿದ ಮೇಲೆ ಹತ್ತು ಎಣಿಸಬೇಕು. ಅಷ್ಟರಲ್ಲಿ ಕೊಂಡಿ ಹಾಕಿದವನು ಹೊರಗೆ ಬಂದಿರುತ್ತಾನಂತೆ. ಮೊಮ್ಮಕ್ಕಳು ಅವಸರದಲ್ಲಿ ಏಳಕ್ಕೇ ಸ್ವಿಚ್ ತಿರುಗಿಸಿದರೆ ಮತ್ತೆ ಒಂದರಿಂದ ಶುರು.