ಹಿಟ್ಟು ತೂಗಿ ಬಡಿದ ರೊಟ್ಟಿ

ಕಾರಹುಣ್ಣಿಮೆ ಮುಗಿದಿದೆ. ಚಚಡಿಯ ರಸ್ತೆಬದಿಯಲ್ಲಿ ಬೈಲಹೊಂಗಲದ ಬಸ್ಸಿಗೆ ಕಾಯುತ್ತ ನಿಂತಿದ್ದೀರಿ. ನಿಮಗೀಗ 24 ವರ್ಷ, ತೂಕ 74 ಕಿಲೋ, ಎತ್ತರ 155 ಸೆಂಟಿಮೀಟರ್. ಹೊರಡುವ ಮುಂಚೆ ಎರಡು ತಂಬಿಗೆ ನೀರು ಕುಡಿದಿದ್ದೀರಿ. ಮದುವೆಯಾಗದ ಹುಡುಗಿಗೆ ಹೊಟ್ಟೆಯ ಮೇಲಿಂದಲೇ ಸ್ಕ್ಯಾನಿಂಗ್ ಮಾಡುತ್ತಾರೆ; ಮೂತ್ರಚೀಲ ತುಂಬಿರದಿದ್ದರೆ ಒಳಗಿನದು ಸರಿಯಾಗಿ ಕಾಣುವುದಿಲ್ಲ. ಬಸ್ಸು ಬರುತ್ತದೆ. ಆಧಾರ್ ಕಾರ್ಡು ತೋರಿಸುತ್ತೀರಿ, ಕಂಡಕ್ಟರು ಶೂನ್ಯ ದರದ ಟಿಕೆಟು ಹರಿದು ಕೊಡುತ್ತಾನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ದವಾಖಾನೆಗೆ ಹೋಗಲು ಅಪ್ಪನ ಹತ್ತಿರ ಬಸ್ಸಿನ ರೊಕ್ಕ ಕೇಳುವುದು ತಪ್ಪಿದೆ. ರಸ್ತೆಯ ಒಂದೊಂದು ತಗ್ಗಿಗೂ ಹಲ್ಲು ಕಚ್ಚುತ್ತೀರಿ. ಪಕ್ಕದಲ್ಲಿ ಅವ್ವ, ತೊಡೆಯ ಮೇಲೆ ಹಳೆಯ ಚೀಟಿಗಳ ಪ್ಲಾಸ್ಟಿಕ್ ಚೀಲ.

"ತಡಕೋ ಸ್ವಲ್ಪ. ಮುಟ್ಟೇ ಬಿಟ್ವಿ."

ಸ್ಕ್ಯಾನಿಂಗ್ ಕೋಣೆಯಲ್ಲಿ, ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಫಲಕದ ಕೆಳಗೆ ನಿಮ್ಮನ್ನು ಮಲಗಿಸುತ್ತಾರೆ. ಕಿಬ್ಬೊಟ್ಟೆಗೆ ತಣ್ಣನೆಯ ಜೆಲ್ ಬೀಳುತ್ತದೆ. ಪರದೆಯ ಮೇಲೆ ಬೂದು ಬಣ್ಣದ ನಡುವೆ ಒಂದು ಅಂಡಾಕಾರ, ಅದರ ಅಂಚಿಗೆ ಸಾಲುಗಟ್ಟಿದ ಸಣ್ಣ ಕಪ್ಪು ಚುಕ್ಕಿಗಳು. ಅವ್ವ ಕುತ್ತಿಗೆ ಉದ್ದ ಮಾಡಿ ನೋಡುತ್ತಾಳೆ.

"ನೀರಗುಳ್ಳಿ ಅದಾವೇನ್ರೀ?"

"ಗುಳ್ಳಿ ಅಂತ ಹೆದರಬ್ಯಾಡ್ರಿ," ಎನ್ನುತ್ತಾರೆ ಡಾಕ್ಟರ್ ಬಾಯಿಯವರು. "ತಿಂಗಳಾ ಒಂದು ತತ್ತಿ ಪೂರಾ ಬೆಳದು ಹೊರಗ ಬರಬೇಕು. ಇಲ್ಲಿ ಬಾಳ ತತ್ತಿ ಅರ್ಧಾ ಬೆಳದು ಅಲ್ಲೇ ನಿಂತಾವ."

ಈ ಚಿತ್ರವೊಂದನ್ನೇ ನೋಡಿ ಕಾಯಿಲೆಯ ಹೆಸರು ಹೇಳುವುದಿಲ್ಲ. 1935ರಲ್ಲಿ ಶಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಏಳು ಹೆಂಗಸರಲ್ಲಿ ಕಂಡು ಬರೆದಿಟ್ಟ ತೊಂದರೆಯಿದು. 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಮೂರು ಗುರುತು ಹಾಕಿಕೊಟ್ಟರು: ತಿಂಗಳ ಮುಟ್ಟು ಏರುಪೇರಾಗುವುದು, ಗಂಡು ಹಾರ್ಮೋನು ಹೆಚ್ಚಾಗುವುದು, ಅಂಡಾಶಯ ಹೀಗೆ ಕಾಣುವುದು. ಬೇರೆ ಕಾರಣವಿಲ್ಲವೆಂದು ಖಾತ್ರಿಯಾದ ಮೇಲೆ ಇವುಗಳಲ್ಲಿ ಎರಡಿದ್ದರೆ ಅದು ಪಿಸಿಓಎಸ್. ಥೈರಾಯ್ಡ್, ಪ್ರೊಲ್ಯಾಕ್ಟಿನ್ ಎಂದು ನಿಮ್ಮ ರಕ್ತ ತೆಗೆಯುವುದೂ ಆ ಖಾತ್ರಿಗೇ. ನೀವು ಕಡೆಗಾಗಿ ಮೂರು ತಿಂಗಳಾಗಿದೆ. ಗದ್ದದ ಮೇಲಿನ ಕೂದಲನ್ನು ಸೆರಗಿನಿಂದ ಮುಚ್ಚಿಕೊಳ್ಳುವುದು ರೂಢಿಯಾಗಿದೆ.

ಡಾಕ್ಟರ್ ಬಾಯಿಯವರು ನಿಮ್ಮ ಜಡೆ ಸರಿಸಿ ಕುತ್ತಿಗೆಯ ಹಿಂಭಾಗ ನೋಡುತ್ತಾರೆ. ಚರ್ಮ ಕಪ್ಪಾಗಿ, ದಪ್ಪಗಾಗಿ, ಮುಟ್ಟಿದರೆ ಮಖಮಲ್ಲಿನ ಹಾಗೆ ಹತ್ತುತ್ತದೆ. ವರ್ಷಗಟ್ಟಲೆ ಅವ್ವ ಕಡ್ಲಿಹಿಟ್ಟು ಹಚ್ಚಿ ತಿಕ್ಕಿದ ಜಾಗ ಅದು.

"ಇದು ಮಣ್ಣಲ್ರೀ ಯವ್ವಾ. ಇನ್ಸುಲಿನ್ ಹೆಚ್ಚಾಗಿದ್ದು ಮೈಮ್ಯಾಲೆ ಬರದು ತೋರಿಸಾಕತ್ತೈತಿ."

ಉಂಡದ್ದರಿಂದ ರಕ್ತಕ್ಕೆ ಸೇರಿದ ಸಕ್ಕರೆಯನ್ನು ಜೀವಕೋಶಗಳಿಗೆ ಒಯ್ದು ಕೊಡಬೇಕಾದ್ದು ಇನ್ಸುಲಿನ್. ಕೋಶಗಳು ಅದರ ಮಾತು ಕೇಳದಾದಾಗ ದೇಹ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಹೆಚ್ಚಾದ ಇನ್ಸುಲಿನ್ ಅಂಡಾಶಯವನ್ನು ಕೆಣಕಿ ಗಂಡು ಹಾರ್ಮೋನು ಹೆಚ್ಚಿಸುತ್ತದೆ. ಅದರಿಂದ ಗದ್ದದ ಮೇಲೆ ಕೂದಲು, ಅರ್ಧಕ್ಕೆ ನಿಂತ ತತ್ತಿ, ತಪ್ಪಿದ ತಿಂಗಳು. ತೂಕ ಏರಿದರೆ ಇನ್ಸುಲಿನ್ ಮತ್ತೂ ಏರುತ್ತದೆ. ತೆಳ್ಳಗಿದ್ದವರಿಗೂ ಈ ತೊಂದರೆ ಬರುತ್ತದೆ. ನಿಮ್ಮಂಥ ಮೈಯವರಿಗೆ ಮಾತ್ರ ತೂಕ ಇಳಿಸುವುದೂ ಚಿಕಿತ್ಸೆಯ ಒಂದು ಭಾಗ.

"ತೂಕ ಇಳಿಸು" ಎಂಬ ಮಾತು ನಿಮಗೆ ಹೊಸದಲ್ಲ. ಹೆಣ್ಣು ನೋಡಲು ಬಂದವರು ಅಂದಿದ್ದಾರೆ, ಕಿರಾಣಿ ಅಂಗಡಿಯವನು ಅಂದಿದ್ದಾನೆ, ಸ್ವಂತ ಸೋದರತ್ತೆಯೂ ಅಂದಿದ್ದಾಳೆ. ಎಷ್ಟು ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಇವರು ಚೀಟಿಯ ಮೇಲೆ ಎರಡು ಅಂಕಿ ಬರೆದುಕೊಡುತ್ತಾರೆ. ಆರು ತಿಂಗಳಲ್ಲಿ ಮೊದಲು 5 ಶೇಕಡಾ ಇಳಿಯಲಿ. 74ರಲ್ಲಿ ಅದು 3.7 ಕಿಲೋ. ಊಟ ದಿನಕ್ಕೆ 1,500 ಕ್ಯಾಲೊರಿ, ಅದಕ್ಕಿಂತ ಬಹಳ ಕೆಳಗೆ ಹೋಗಬೇಡ. ಮೆಟ್‌ಫಾರ್ಮಿನ್ ಗುಳಿಗೆಯನ್ನು ಊಟದ ಜೊತೆ ತಗೋ, ಮೊದಮೊದಲು ಹೊಟ್ಟೆ ಕೆಡಬಹುದು.

"ರೊಟ್ಟಿ ಬಿಡಬೇಕೇನ್ರಿ?"

"ಯಾಕ ಬಿಡ್ತಿ? ಎಷ್ಟ ತಿಂತಿ ಅಂತ ಮೊದಲ ನೋಡು."

ಮರುದಿನ ನಸುಕಿನಲ್ಲಿ ನೀವು ಒಲೆಯ ಮುಂದೆ ಕೂತಿದ್ದೀರಿ. ಅವ್ವನ ಗೃಹಲಕ್ಷ್ಮಿ ಯೋಜನೆಯ ರೊಕ್ಕದಲ್ಲಿ ಕೊಂಡ ಸಣ್ಣ ಡಿಜಿಟಲ್ ತಕ್ಕಡಿ ಹಿಟ್ಟಿನ ಡಬ್ಬಿಯ ಪಕ್ಕದಲ್ಲಿದೆ. ಆಯಿ ಬಾಗಿಲಿಗೆ ಆತು ನಗುತ್ತಾಳೆ.

"ಅಂಗಡ್ಯಾಗ ಬೆಲ್ಲಾ ತೂಗೂದು ಕಂಡೇನಿ. ಮನ್ಯಾಗ ರೊಟ್ಟಿ ತೂಗೂದು ಇದ ಮೊದಲು."

ಮೊಬೈಲಿನ ಆ್ಯಪ್ ರೋಟಿ ಒಂದಕ್ಕೆ 100 ಕ್ಯಾಲೊರಿ ಎನ್ನುತ್ತಿದೆ. ಅದು ಗೋಧಿಯ ತೆಳು ಫುಲ್ಕಾದ ಲೆಕ್ಕ. ಅವ್ವ ಕೊಣಮಿಗೆಯಲ್ಲಿ ಕುದಿನೀರು ಹಾಕಿ ಹಿಟ್ಟು ನಾದುವ ಮೊದಲೇ ಅವಳ ಕೈಯಳತೆಯನ್ನು ತಕ್ಕಡಿಗೆ ಇಳಿಸುತ್ತೀರಿ. ಒಂದು ರೊಟ್ಟಿಗೆ 60 ಗ್ರಾಂ ಒಣಹಿಟ್ಟು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 334 ಕ್ಯಾಲೊರಿ. ಅಂದರೆ ಈ ರೊಟ್ಟಿಗೆ 200. ಬೆಂದ ರೊಟ್ಟಿ ತೂಗಿ ಉಪಯೋಗವಿಲ್ಲ: ಬಿಸಿಯದರಲ್ಲಿ ನೀರಿರುತ್ತದೆ, ಕಟಕಟಿಯಾದದ್ದರಲ್ಲಿ ಇರುವುದಿಲ್ಲ. ತೂಗಬೇಕಾದ್ದು ಒಣಹಿಟ್ಟನ್ನೇ.

ನೋಟುಬುಕ್ಕಿನಲ್ಲಿ ಬರೆಯುತ್ತ ಹೋಗುತ್ತೀರಿ. ದಿನಕ್ಕೆ ಐದು ರೊಟ್ಟಿ, 1,000. ಎಮ್ಮೆ ಹಾಲಿನ ಚಹಾ, ಎರಡು ಚಮಚ ಸಕ್ಕರೆ: ಒಂದು ಕಪ್ಪಿಗೆ ಹತ್ತಿರಹತ್ತಿರ 100, ಮನೆಯಲ್ಲಿ ಎರಡು ಸಲ, ಬಂದವರ ಜೊತೆ ಎರಡು ಸಲ. ಶೇಂಗಾ ಚಟ್ನಿಪುಡಿ ಒಂದು ದೊಡ್ಡ ಚಮಚ 50, ಅದರ ಮೇಲೆ ಸುರಿದ ಒಂದು ಚಮಚ ಹಸಿ ಎಣ್ಣೆ 45, ಹೀಗೆ ದಿನಕ್ಕೆ ಮೂರು ಸಲ. ಪಲ್ಯದ ಎಣ್ಣೆಯನ್ನು ಹಿಡಿಯುವುದು ಹೇಗೆ? ಐದು ಮಂದಿಯ ಮನೆಯಲ್ಲಿ ಐದು ಲೀಟರಿನ ಡಬ್ಬಿ ಒಂದು ತಿಂಗಳಿಗೆ ಮುಗಿಯುತ್ತದೆ. ಭಾಗಿಸಿದರೆ ಒಬ್ಬರಿಗೆ ದಿನಕ್ಕೆ 33 ಮಿಲಿಲೀಟರ್, 270 ಕ್ಯಾಲೊರಿ. ಅನ್ನ, ಬೇಳೆ, ಮೊಸರು ಕೂಡಿಸಿದರೆ ಮೊತ್ತ 2,200ರ ಆಸುಪಾಸು.

ಬುಕ್ಕನ್ನು ಅವ್ವನ ಮುಂದೆ ಹಿಡಿಯುತ್ತೀರಿ. ಮನೆಯಲ್ಲಿ ಈತನಕ "ಬಾಳ ತಿಂತಿ" ಎಂಬ ಆರೋಪವಿತ್ತು, "ಎಲ್ಲಿ ತಿಂತೇನಿ" ಎಂಬ ಜಗಳವಿತ್ತು. ಈಗ ಬೆರಳಿಟ್ಟು ತೋರಿಸಲು ಸಾಲುಗಳಿವೆ. ಚಹಾ ಎರಡೇ ಕಪ್ಪು, ಒಂದೇ ಚಮಚ ಸಕ್ಕರೆ: 240 ಉಳಿತಾಯ. ಚಟ್ನಿಗೆ ಎಣ್ಣೆಯ ಬದಲು ಮನೆಯ ಮಜ್ಜಿಗೆ. ಪಲ್ಯಕ್ಕೆ ಅರ್ಧ ಎಣ್ಣೆ. ಐದರ ಬದಲು ನಾಲ್ಕು ರೊಟ್ಟಿ, ಅನ್ನದ ಜಾಗಕ್ಕೆ ಮೊಳಕೆ ಮಡಕಿಕಾಳು, ಮೆಂತ್ಯದ ಪಚಡಿ. ಮೊತ್ತ 1,500ಕ್ಕೆ ಬಂದು ನಿಲ್ಲುತ್ತದೆ. ರೊಟ್ಟಿ ಬಿಟ್ಟು ಓಟ್ಸ್ ತಿನ್ನು ಎಂದವರಿಗೂ ಉತ್ತರವಿದೆ: 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಪಿಸಿಓಎಸ್‌ಗೆ ಇಂಥದೇ ಪಥ್ಯ ಮೇಲು ಎಂದು ಹೇಳಿಲ್ಲ. ಬಹಳ ದಿನ ನಡೆಸಿಕೊಂಡು ಹೋಗಬಹುದಾದದ್ದೇ ನಿಮ್ಮ ಪಥ್ಯ.

ಸಂಜೆ ದೇಸಾಯರ ವಾಡೆಯ ಕಡೆಯಿಂದ ಹೊಲದ ದಾರಿಗೆ ಇಳಿಯುತ್ತೀರಿ. ತೂಕ ಇಳಿಯಲು ವಾರಕ್ಕೆ 250 ನಿಮಿಷವಾದರೂ ಬಿರುಸಾಗಿ ನಡೆಯಬೇಕು. ಕಟ್ಟೆಯ ಮೇಲಿನವರು ಕೇಳಿಯೇ ಕೇಳುತ್ತಾರೆ: "ಎಲ್ಲಿಗೆ ಹೊಂಟಿ ತಂಗಿ?" ಕೈಯಲ್ಲೊಂದು ಬುಟ್ಟಿ ಹಿಡಿದರೆ ಯಾರೂ ಕೇಳುವುದಿಲ್ಲ. ಬುಟ್ಟಿ ಹಿಡಿಯುತ್ತೀರಿ.

ಶ್ರಾವಣ ಬರುತ್ತದೆ. ಮೊದಲ ವಾರಗಳಲ್ಲಿ ಸರಸರ ಇಳಿದ ಮೈತೂಕದ ಮುಳ್ಳು ಒಂದು ದಿನ ಒಂದು ಕಿಲೋ ಮೇಲಕ್ಕೆ ಜಿಗಿದು ಅಲ್ಲೇ ಕೂಡುತ್ತದೆ. ಊಟದ ಬುಕ್ಕಿನಲ್ಲಿ ಏನೂ ಹೆಚ್ಚಾಗಿಲ್ಲ. ರಾತ್ರಿ ಊಟ ಬಿಟ್ಟುಬಿಡೋಣವೆ ಎನಿಸುತ್ತದೆ. ಮೊಸರಿನ ಹನಿಯನ್ನೂ ತೂಗಲು ಕೈ ಹೋಗುತ್ತದೆ. ಲೆಕ್ಕ ಕಾಟವಾಗಿ ತಿರುಗುವುದು ಇಂಥ ರಾತ್ರಿಗಳಲ್ಲೇ. ಪಿಸಿಓಎಸ್ ಇದ್ದವರಲ್ಲಿ ಹಸಿದಿರುವುದು, ಆಮೇಲೆ ತಡೆಯಲಾಗದೆ ತಿನ್ನುವುದು ಹೆಚ್ಚೆಂದು ಮಾರ್ಗಸೂಚಿಯೇ ವೈದ್ಯರನ್ನು ಎಚ್ಚರಿಸುತ್ತದೆ. ತಕ್ಕಡಿಯನ್ನು ಅವ್ವ ಎತ್ತಿ ಕಪಾಟಿನ ಮೇಲಿಡುತ್ತಾಳೆ. "ಮುಂಜಾನೆ ರೊಟ್ಟಿ ಮಾಡೂದರಾಗ ಕೊಡತೇನಿ. ಈಗ ಉಣ್ಣು." ನೀವು ಉಣ್ಣುತ್ತೀರಿ. ನಾಲ್ಕು ದಿನ ಬಿಟ್ಟು ಕಿಬ್ಬೊಟ್ಟೆ ಹಿಂಡುತ್ತದೆ. ಗುಳಿಗೆ ತಗೊಂಡು ತರಿಸಿಕೊಂಡ ಮುಟ್ಟಲ್ಲ, ತಾನಾಗಿಯೇ ಬಂದದ್ದು. ಏರಿದ ಒಂದು ಕಿಲೋ ಮುಟ್ಟಿಗೆ ಮುಂಚೆ ಮೈಯಲ್ಲಿ ನಿಂತ ನೀರು. ತೂಕ ಇಳಿದದ್ದು ಇನ್ನೂ ಎರಡೇ ಕಿಲೋ, ಗದ್ದದ ಕೂದಲು ಹಾಗೆಯೇ ಇದೆ. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಆದರೆ ಬುಕ್ಕಿನ ಹಿಂಬದಿಗೆ ಒಂದು ತಾರೀಖು ಬಿದ್ದಿದೆ.

ಎಳ್ಳ ಅಮಾಸಿ. ಕರಿಮಣ್ಣಿನ ಹೊಲದಲ್ಲಿ ಬಿಳಿಜೋಳ ತೆನೆ ಹಿಡಿಯುತ್ತಿದೆ, ಕಡಲೆಗಿಡದ ಹುಳಿ ಕಾಲಿಗೆ ಅಂಟುತ್ತಿದೆ. ಚರಗ ಚೆಲ್ಲಿ ಮುಗಿಸಿ ಎಲ್ಲರೂ ಬನ್ನಿಗಿಡದ ನೆರಳಿನಲ್ಲಿ ಬುತ್ತಿ ಬಿಚ್ಚಿದ್ದಾರೆ. ಸಜ್ಜಿ ರೊಟ್ಟಿ, ಎಣಗಾಯಿ ಬದನೆ, ಪುಂಡಿಪಲ್ಯ, ಶೇಂಗಾ ಹೋಳಿಗಿ. ನಿನ್ನೆ ರಾತ್ರಿಯೇ ನೀವು ಬರೆದಿಟ್ಟಿದ್ದೀರಿ: ಹೂರಣಕ್ಕೆ ಶೇಂಗಾ 30 ಗ್ರಾಂ, ಬೆಲ್ಲ 30 ಗ್ರಾಂ, ಮೇಲಿನ ಕಣಕ, ತುಪ್ಪ, ಹೋಳಿಗೆ ಒಂದಕ್ಕೆ 380. ಅದಕ್ಕಾಗಿ ಮುಂಜಾನೆ ಒಂದೇ ರೊಟ್ಟಿ ತಿಂದು ಬಂದಿದ್ದೀರಿ. ಕಳೆದ ವಾರ ಮುಳ್ಳು 70ಕ್ಕಿಂತ ತುಸು ಮೇಲೆ ನಿಂತಿತ್ತು.

ಚಿಗವ್ವ ತುಪ್ಪ ಸುರಿದ ಹೋಳಿಗೆಯನ್ನು ತಾಟಿಗೆ ಹಾಕುತ್ತಾಳೆ. ಪೂರ್ತಿ ತಿನ್ನುತ್ತೀರಿ, ಅಂಚಿನ ಪುಡಿಯನ್ನೂ ಬಿಡದೆ. ಅವಳ ಕೈ ಮತ್ತೆ ಬುಟ್ಟಿಗೆ ಹೋಗುತ್ತದೆ.

"ಹಬ್ಬದಾಗೂ ಲೆಕ್ಕೇನ? ತಗೋ ಇನ್ನೊಂದು."

"ಲೆಕ್ಕಾ ಇಟ್ಟದ್ದಕ್ಕ ಒಂದರೆ ತಿಂದೇನಿ ಚಿಗವ್ವಾ. ಹ್ವಾದ ವರ್ಷಾ ಅಂಜಿ ಒಂದೂ ಮುಟ್ಟಿರಲಿಲ್ಲ."