ಕೊಂಡಿ ಬಗ್ಗಿಸುವ ವಿದ್ಯೆ

ಗಾಳಿಪಟಕ್ಕೆ ಸೂತ್ರ ಕಟ್ಟಿ ಗೊತ್ತಿರುವವರಿಗೆ ನಾನು ಹೇಳಹೊರಟಿರುವ ವಿಷಯ ಅರ್ಧ ಗೊತ್ತಿದ್ದಂತೆಯೇ. ಪಟ ಎಷ್ಟೇ ಚೆಂದ ಇರಲಿ, ಸೂತ್ರದ ಗಂಟು ಒಂದು ಬೆರಳು ಆಚೀಚೆಯಾದರೆ ಅದು ಗಿರಗಿರ ಸುತ್ತಿ ನೆಲಕ್ಕೆ ಮುಕ್ಕುತ್ತದೆ. ನೀರಿನೊಳಗೆ ಎಳೆಯುವ ಮರದ ಮೀನಿಗೂ ಇದೇ ಮಾತು. ವ್ಯತ್ಯಾಸ ಇಷ್ಟೇ: ಗಾಳಿಪಟಕ್ಕೆ ಬೆರಳಿನ ಲೆಕ್ಕವಾದರೆ ಇದಕ್ಕೆ ಕೂದಲೆಳೆಯ ಲೆಕ್ಕ.

ಇಂಥ ಮರದ ಮೀನಿಗೆ ಗಾಳ ಹಾಕುವವರ ಭಾಷೆಯಲ್ಲಿ ಕ್ರ್ಯಾಂಕ್‌ಬೈಟ್ ಎನ್ನುತ್ತಾರೆ. ಬೆರಳುದ್ದದ ಹಗುರ ಮರ, ಗಲ್ಲದ ಕೆಳಗೆ ಮುಂದಕ್ಕೆ ಚಾಚಿದ ತೆಳು ಹಲಗೆ, ಹೊಟ್ಟೆಯಲ್ಲೊಂದು ಬಾಲದಲ್ಲೊಂದು ಮೂರು ಮೊನೆಯ ಗಾಳ. ಆ ಹಲಗೆಗೆ 'ತುಟಿ' ಎಂದು ಹೆಸರು. ದಾರ ಸುತ್ತಿದಂತೆ ತುಟಿ ನೀರನ್ನು ಎದುರಿಸುತ್ತದೆ, ಮೀನು ಕೆಳಕ್ಕಿಳಿಯುತ್ತ ಗಾಯಗೊಂಡ ಮರಿಯಂತೆ ಅತ್ತಿತ್ತ ಒದ್ದಾಡುತ್ತದೆ. 1936ರಲ್ಲಿ ಫಿನ್ಲೆಂಡಿನ ಬೆಸ್ತ ಲೌರಿ ರಾಪಾಲಾ ಕಾರ್ಕಿನ ತುಂಡನ್ನು ಕೆತ್ತಿ, ಚಾಕೊಲೇಟಿನ ಬೆಳ್ಳಿ ಕಾಗದ ಸುತ್ತಿ, ಫೋಟೋ ನೆಗೆಟಿವ್ ಕರಗಿಸಿ ಮೇಲೆ ಬಳಿದು ಇಂಥದ್ದೊಂದನ್ನು ಮಾಡಿದ. ದೊಡ್ಡ ಮೀನು ಹಿಂಡಿನಲ್ಲಿ ನೆಟ್ಟಗೆ ಈಜುವ ಮರಿಯನ್ನು ಬಿಟ್ಟು ಒದ್ದಾಡುವ ಮರಿಯ ಮೇಲೆ ಎರಗುವುದನ್ನು ಆತ ದೋಣಿಯಲ್ಲಿ ಕೂತು ನೋಡಿದ್ದ. ಅವನ ಹೆಸರಿನ ಕಂಪೆನಿ ಇವತ್ತಿಗೂ ಮೀನನ್ನು ತೊಟ್ಟಿಯ ನೀರಿನಲ್ಲಿ ಎಳೆದು ಪರೀಕ್ಷಿಸಿಯೇ ಮಾರುತ್ತೇವೆ ಎನ್ನುತ್ತದೆ.

ಬೇಲಾಪುರಕ್ಕೂ ಇದಕ್ಕೂ ಏನು ಸಂಬಂಧ ಎಂದರೆ, ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹತ್ತು ನಿಮಿಷಕ್ಕೆ ದಿವಾಳೆ ಕೋಳಿವಾಡ, ಅದರಾಚೆ ಪನ್ವೇಲ್ ಖಾಡಿ. ಭರತದ ನೀರಿನೊಂದಿಗೆ ಕಾಂಡ್ಲಾ ಗಿಡಗಳ ಬುಡಕ್ಕೆ ಜಿತಾಡಾ ಬರುತ್ತದೆ. ಜಿತಾಡಾ ಎಂದರೆ ಹೋಟೆಲಿನ ಮೆನುವಿನಲ್ಲಿ ಬರಾಮುಂಡಿ ಎಂದು ಬರೆದಿರುತ್ತದಲ್ಲ, ಅದು. ರಾಯಗಡದ ಕಡೆ ಇದನ್ನು ಮನೆಯ ಕೆರೆಯಲ್ಲಿ ಸಾಕಿ ನೆಂಟರಿಷ್ಟರಿಗೆ ಉಡುಗೊರೆ ಕೊಡುವ ರೂಢಿಯೂ ಉಂಟು. ಅಂಗಡಿಯ ಒಳ್ಳೆಯ ಕೃತಕ ಮೀನಿಗೆ ಬೆಲೆ ಹೆಚ್ಚು. ಕಾಂಡ್ಲಾ ಬೇರಿಗೆ ಸಿಕ್ಕಿಕೊಂಡರೆ ಅರ್ಧ ದಿನದ ಸಂಬಳ ಕೆಸರುಪಾಲು. ಹಾಗಾಗಿ ಮನೆಯಲ್ಲೇ ಮಾಡುವ ಯೋಚನೆ ಬಂತು. ಅದಕ್ಕೆ ಇನ್ನೊಂದು ಕಾರಣವೂ ಇತ್ತು.

ಅಮ್ಮ ಹೋದ ಮೇಲೆ ಅಪ್ಪಯ್ಯನನ್ನು ಗಂಗೊಳ್ಳಿಯಿಂದ ಇಲ್ಲಿಗೆ ಕರೆತಂದಿದ್ದೆ. ಅವರು ದೋಣಿ ಕಟ್ಟುವ ಬಡಗಿ. ಫೈಬರ್ ದೋಣಿ ಬಂದ ಮೇಲೆ ಆ ಕೆಲಸ ಕಡಿಮೆಯಾಯಿತಾದರೂ ಊರಿನಲ್ಲಿ ಬಾಗಿಲು, ಕಿಟಕಿ, ಮಂಚ ಎಂದು ಕೈಗೆ ಏನಾದರೂ ಇರುತ್ತಿತ್ತು. ಇಲ್ಲಿ ಆರನೇ ಮಹಡಿ. ನಾನು, ಹೆಂಡತಿ ಇಬ್ಬರೂ ಎಂಟೂವರೆಗೆ ಮನೆ ಬಿಟ್ಟರೆ ಮಗಳು ಶಾಲೆಯಿಂದ ಬರುವ ತನಕ ಅವರು ಒಬ್ಬರೇ. ಕಿಟಕಿಯಿಂದ ಪಾರ್ಸಿಕ್ ಗುಡ್ಡ ನೋಡುವುದು, ಊಟ, ನಿದ್ದೆ. "ಇಲ್ಲಿ ನಂಗೆಂತ ಕೆಲ್ಸ ಇತ್ತ್ ಮಗಾ?" ಎಂದು ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದರು. ಆಮೇಲೆ ಕೇಳುವುದನ್ನೂ ನಿಲ್ಲಿಸಿದರು. ಕೇಳುತ್ತಿದ್ದಾಗಿಗಿಂತ ಅದು ನನಗೆ ಹೆಚ್ಚು ಭಯವಾಯಿತು.

ಊರಿಗೆ ಹೋದವನು ಅವರ ಸಣ್ಣ ಉಳಿಗಳನ್ನೂ ಒಂದಿಷ್ಟು ಹೊಂಗಾರೆ ಮರದ ತುಂಡುಗಳನ್ನೂ ತಂದೆ. ಹೊಂಗಾರೆ ಬಲು ಹಗುರ, ಬಲೆಗೆ ತೇಲುಬೆಂಡಾಗಿ ಬಳಸುತ್ತಿದ್ದ ಮರ. ತುಟಿಗೆ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸಿಗುವ ಸರ್ಕ್ಯೂಟ್ ಬೋರ್ಡಿನ ಗಾಜು-ಇಪಾಕ್ಸಿ ಹಾಳೆ, 1.6 ಮಿಲಿಮೀಟರ್ ದಪ್ಪದ್ದು. ಮುಂಬಯಿಯ ಕನ್ನಡಿಗರಿಗೆ ರಾಳ, ಪ್ಲಾಸ್ಟಿಕ್ಕು ಪರಕೀಯವೇನಲ್ಲ. 'ಶಿಕಾರಿ' ಬರೆದ ಯಶವಂತ ಚಿತ್ತಾಲರು ದುಡಿದದ್ದು ಆ ಉದ್ಯಮದಲ್ಲೇ.

ಮೊದಲ ಪಾಠ ಅಪ್ಪಯ್ಯನದು. ನಾನು ಮರವನ್ನು ಮೀನಿನಾಕಾರಕ್ಕೆ ಕೆತ್ತಲು ಹೊರಟಾಗ ಕೈ ಹಿಡಿದು ನಿಲ್ಲಿಸಿದರು. "ಚೌಕ ಇಪ್ಪತ್ತಿಗೇ ಗೆರೆ ಹಾಕ್ಕ್." ಮರ ಚೌಕವಾಗಿರುವಾಗಲೇ ನಡುಗೆರೆ ಎಳೆದು, ತುಟಿಯ ಸೀಳು ಕೊಯ್ದು, ಕೊಂಡಿಯ ತೂತು ಕೊರೆದುಬಿಡಬೇಕು. ದುಂಡಾದ ಮೇಲೆ ನಡು ಯಾವುದೆಂದು ಯಾರು ಹೇಳುತ್ತಾರೆ? ಮನೆಯಲ್ಲಿ ಮಾಡಿದ ಮೀನು ಸೊಟ್ಟ ಓಡುವುದಕ್ಕೆ ಬಹುಪಾಲು ಕಾರಣ ಸೀಳು ವಾರೆಯಾಗಿರುವುದು. ಕೊಂಡಿ ಬಗ್ಗಿಸುವುದು ಉಳಿದ ಸಣ್ಣ ದೋಷಕ್ಕೆ ಮದ್ದು, ವಾರೆ ಸೀಳಿಗಲ್ಲ.

ಜಗಳ ಶುರುವಾದದ್ದು ಕೊಂಡಿಯ ವಿಷಯದಲ್ಲಿ. ಕೊಂಡಿ ಎಂದರೆ ದಾರ ಕಟ್ಟುವ ಲೋಹದ ಕಣ್ಣು. ಅದನ್ನು ಮೂಗಿನ ಮೇಲಿಟ್ಟರೆ ಮೀನು ಮೇಲ್ನೀರಿನಲ್ಲಿ ಅಗಲವಾಗಿ ಹೊಯ್ದಾಡುತ್ತದೆ. ತುಟಿಯ ಮೇಲೆ ಮುಂದಕ್ಕೆ ಒಯ್ದಷ್ಟೂ ಹೆಚ್ಚು ಆಳಕ್ಕಿಳಿಯುತ್ತದೆ, ಹೊಯ್ದಾಟ ಕಿರಿದಾಗಿ ನಡುಕದಂತಾಗುತ್ತದೆ. ಒಂದೇ ಅಚ್ಚಿನ ಮೂರು ಮೀನು ಮಾಡಿ, ಕೊಂಡಿಯ ಜಾಗ ಮಾತ್ರ ಬದಲಿಸಿ ನೋಡಿದೆವು. ನೀರಿಗಿಳಿದಾಗ ಅವು ಮೂರು ಬೇರೆ ಜಾತಿಯವೇ ಎನ್ನಿಸುವಂತಿತ್ತು.

ಜಾಗದಷ್ಟೇ ಮುಖ್ಯ ಅದರ ಕಟ್ಟು. ಅಂಗಡಿಯ ತಿರುಪಿನ ಕಣ್ಣು ಸುಲಭ, ಆದರೆ ಮೆತ್ತನೆಯ ಮರದಲ್ಲಿ ಬಗ್ಗಿಸಹೋದರೆ ಬುಡವೇ ಸಡಿಲವಾಗಿ ನೀರು ಒಳಗಿಳಿಯುತ್ತದೆ. ಸ್ಟೀಲ್ ತಂತಿಯನ್ನು ಮಡಚಿ, ಹುರಿಹಾಕಿ, ಇಪಾಕ್ಸಿ ತುಂಬಿ ಕೂರಿಸಿದರೆ ಗಟ್ಟಿ. ಮೂಗಿನಿಂದ ಬಾಲದ ತನಕ ಒಂದೇ ತಂತಿ ಹಾಯಿಸಿದರೆ ಇನ್ನೂ ಗಟ್ಟಿ. ಮರ ಒಡೆದರೂ ಮೀನು ಕೈ ತಪ್ಪದು.

ಕಣ್ಣಿನ ಬಳೆ ಅಡ್ಡ ಇರಬೇಕೋ ನೆಟ್ಟಗಿರಬೇಕೋ ಎನ್ನುವುದು ಇನ್ನೊಂದು. ಅಡ್ಡ ಮಲಗಿದ ಬಳೆಗೆ ದಾರವನ್ನು ನೇರ ಗಂಟು ಹಾಕಿದರೆ, ಗಂಟು ಎಡಬಲಕ್ಕೆ ಜಾರಿ ಪ್ರತಿ ಎಸೆತಕ್ಕೂ ಮೀನಿನ ದಾರಿ ಬದಲಾಗುತ್ತದೆ. ನೆಟ್ಟಗೆ ನಿಂತ ಬಳೆಯಲ್ಲಿ ಗಂಟು ಜಾರಿದರೂ ಮೇಲೆ ಕೆಳಗೆ ಜಾರೀತು, ಆಳ ತುಸು ಬದಲಾದೀತು, ದಾರಿ ತಪ್ಪದು. ಅಡ್ಡ ಬಳೆಯೇ ಬೇಕಾದರೆ ಗಂಟನ್ನು ಅದಕ್ಕೆ ಹಾಕದೆ ನಡುವೆ ಒಂದು ಸಣ್ಣ ರಿಂಗು ಹಾಕಬೇಕು.

ಇಷ್ಟಕ್ಕೆಲ್ಲ ಅಪ್ಪಯ್ಯ ಒಪ್ಪಿದರು. ಒಪ್ಪದೇ ಇದ್ದದ್ದು ಕುತ್ತಿಗೆಯ ಉದ್ದಕ್ಕೆ. ಕಣ್ಣು ಮರಕ್ಕೆ ಅಂಟಿಕೊಂಡಂತಿದ್ದರೆ ಇಕ್ಕಳಕ್ಕೆ ಹಿಡಿತವೇ ಸಿಗುವುದಿಲ್ಲ. ಬಲ ಹಾಕಿದರೆ ಇಪಾಕ್ಸಿ ಬಿರುಕು ಬಿಡುತ್ತದೆ. ಎರಡು ಮೂರು ಮಿಲಿಮೀಟರ್ ಕುತ್ತಿಗೆ ಬಿಟ್ಟರೆ ಸಲೀಸಾಗಿ ಬಗ್ಗುತ್ತದೆ. ಆದರೆ ಕಲ್ಲಿಗೆ ಬಡಿದರೂ, ದೊಡ್ಡ ಮೀನು ಎಳೆದರೂ ಅಷ್ಟೇ ಸಲೀಸಾಗಿ ಸೊಟ್ಟಗಾಗುತ್ತದೆ. "ಬಗ್ಗು ಕೊಂಡಿ ಎಂತ ಕೊಂಡಿ ಮಾರಾಯ?" ಎನ್ನುವುದು ಅವರ ವಾದ. ಜನ್ಮವಿಡೀ ಸಮುದ್ರದಲ್ಲಿ ಅಲುಗಾಡಬಾರದ ವಸ್ತು ಕಟ್ಟಿದವರು. ಮಾಡುವಾಗಲೇ ಸರಿ ಮಾಡಿದರೆ ಆಮೇಲೆ ಬಗ್ಗಿಸುವುದೇಕೆ? ಹೊಂಗಾರೆಯ ಒಂದು ಮಗ್ಗುಲು ಇನ್ನೊಂದಕ್ಕಿಂತ ಭಾರ ಇರಬಹುದು, ಬಣ್ಣ ಒಂದು ಕಡೆ ದಪ್ಪ ಕೂತಿರಬಹುದು, ಕೈ ಎಷ್ಟೇ ನುರಿತಿದ್ದರೂ ನೀರು ಆ ವ್ಯತ್ಯಾಸವನ್ನು ಕಂಡುಹಿಡಿಯುತ್ತದೆ ಎಂದು ನಾನು.

ತೀರ್ಮಾನವಾದದ್ದು ಖಾರ್ಘರಿನ ಗೆಳೆಯನ ಸೊಸೈಟಿಯ ಈಜುಕೊಳದಲ್ಲಿ, ಬೆಳಿಗ್ಗೆ ಐದೂವರೆಗೆ, ವಾಚ್‌ಮನ್ ಎದುರಿನಲ್ಲಿ. ಗಾಳಗಳನ್ನು ಬಿಚ್ಚಿ ಅಷ್ಟೇ ತೂಕದ ಸೀಸ ನೇತುಹಾಕಿದ್ದೆವು, ಇಲ್ಲದಿದ್ದರೆ ಮೀನಿನ ತೂಕ ಕೆಟ್ಟು ಪರೀಕ್ಷೆಯೇ ಸುಳ್ಳಾಗುತ್ತದೆ. ಅಪ್ಪಯ್ಯನ ಗಿಡ್ಡ ಕುತ್ತಿಗೆಯ ಮೀನು ನಿಧಾನ ಎಳೆದಾಗ ಗೆರೆ ಹೊಡೆದಂತೆ ಬಂತು. ಅವರ ಮುಖ ಅರಳಿತು. ವೇಗ ಹೆಚ್ಚಿಸಿದೆ. ಮೀನು ಮಗ್ಗುಲಾಗಿ ನೀರಿನ ಮೇಲಕ್ಕೆ ಹಾರಿತು. ಸಣ್ಣ ಓರೆ ನಿಧಾನದಲ್ಲಿ ಕಾಣುವುದಿಲ್ಲ, ವೇಗದಲ್ಲೇ ಬಯಲಾಗುವುದು.

"ಅಜ್ಜಯ್ಯ, ಎಡಕ್ಕೆ ಹೋಯ್ತು!" ಎಂದಳು ಮಗಳು. "ಎಡ ಅಲ್ಲ ಮಗಾ, ಬಲಕ್ಕೆ," ಎಂದರು ಅಪ್ಪಯ್ಯ. ಅವಳು ನೋಡಿದ್ದು ದಡದಲ್ಲಿ ಎದುರು ನಿಂತು. ಅವರು ಲೆಕ್ಕ ಹಾಕಿದ್ದು ದೋಣಿಯಲ್ಲಿ ಕೂತವನ ಹಾಗೆ, ಮೀನಿನ ಬಲ. ಎರಡೂ ಸರಿ. ನಿಯಮವೇನೋ ಸರಳ: ಓಡುವ ದಿಕ್ಕಿಗೆ ವಿರುದ್ಧವಾಗಿ ಕಣ್ಣನ್ನು ಬಗ್ಗಿಸಬೇಕು. ಆದರೆ ಓಟವನ್ನು ಒಬ್ಬರ ಎಡದಲ್ಲಿ ನೋಡಿ ಕಣ್ಣನ್ನು ಇನ್ನೊಬ್ಬರ ಎಡಕ್ಕೆ ಲೆಕ್ಕ ಹಾಕಿದರೆ ದೋಷ ದುಪ್ಪಟ್ಟಾಗುತ್ತದೆ. ಮೀನಿನ ಮೂತಿ ನಮ್ಮ ಕಡೆ ಇರಲಿ, ನಮ್ಮ ಎಡಬಲವೇ ಲೆಕ್ಕ ಎಂದು ಗೊತ್ತುಮಾಡಿಕೊಂಡೆವು.

ವಿರುದ್ಧ ದಿಕ್ಕಿಗೇ ಏಕೆ ಎಂದು ಅಪ್ಪಯ್ಯ ಬಿಡದೆ ಕೇಳಿದರು. ದಾರದ ಎಳೆತ ಮುಂದಕ್ಕೆ ಮಾತ್ರವಲ್ಲ, ಮೇಲಕ್ಕೂ ಇದೆ. ಮೀನು ಆಳದಲ್ಲಿದೆ, ಕೋಲು ದಡದಲ್ಲಿ. ಕಣ್ಣನ್ನು ಎಡಕ್ಕೆ ಸರಿಸಿದರೆ ಆ ಎಳೆತ ಎಡ ಮಗ್ಗುಲನ್ನು ಎತ್ತುತ್ತದೆ, ಹೊಟ್ಟೆಯ ಕೆಳಗಿನ ತುಟಿ ಎಡಕ್ಕೆ ತಿರುಗುತ್ತದೆ. ತುಟಿ ಮುಖಮಾಡಿದ ಕಡೆಗೇ ಮೀನು ನೀರನ್ನು ಬಗೆದುಕೊಂಡು ಹೋಗುತ್ತದೆ. ಅವರು ಸ್ವಲ್ಪ ಹೊತ್ತು ಕೈಯನ್ನೇ ಮೀನು ಮಾಡಿ ಓರೆ ಮಾಡಿ ನೋಡಿಕೊಂಡರು. ಮರುದಿನ ಎಲ್ಲ ಹೊಸ ಮೀನಿಗೂ ಎರಡು ಮಿಲಿಮೀಟರ್ ಕುತ್ತಿಗೆ ಬಂದಿತ್ತು.

ಬಗ್ಗಿಸುವುದರಲ್ಲಿ ಅವರ ಕೈ ನನ್ನದಕ್ಕಿಂತ ಬಹಳ ಚೆನ್ನ. ಸ್ಟೀಲ್ ತಂತಿ ಪುಟಿದು ಹಿಂದಕ್ಕೆ ಬರುತ್ತದೆ, ಆದ್ದರಿಂದ ಬೇಕಾದ್ದಕ್ಕಿಂತ ಕೂದಲಷ್ಟು ಹೆಚ್ಚು ತಳ್ಳಬೇಕು. ಕಣ್ಣಿಗೆ ಕಾಣುವಷ್ಟು ಬಗ್ಗಿದರೆ ಅದಾಗಲೇ ಅತಿಯಾಯಿತು. ಅತ್ತಿತ್ತ ಪದೇ ಪದೇ ಬಗ್ಗಿಸಿದರೆ ತಂತಿ ಗಡುಸಾಗಿ ಒಂದು ದಿನ ಮುರಿಯುತ್ತದೆ.

ಆ ಚಳಿಗಾಲ ನಮ್ಮ ಮನೆಯಲ್ಲಿ ಮಾತು ವಾಪಸು ಬಂತು. ಆದರೆ ಅವರು ಇಲ್ಲೇ ಉಳಿದರು ಎಂದು ಬರೆಯಲಾರೆ. ಮೇ ತಿಂಗಳ ಕೊನೆಗೆ, "ಮಳಿ ಬಪ್ಪುಕ್ ಮುಂಚೆ ಊರಿಗೆ ಹೋತೆ," ಎಂದರು. ಮೊದಲಿನ ಹಾಗೆ ಸೋತ ದನಿಯಲ್ಲ; ಕೆಲಸವಿರುವವನು ಹೊರಡುವ ದನಿ. ಹೊಂಗಾರೆ ಮರ ಇರುವುದು ಅಲ್ಲಿ, ಕೆತ್ತಲು ಜಗಲಿ ಇರುವುದೂ ಅಲ್ಲಿ. ಕೊಂಕಣ ರೈಲ್ವೆಯ ಮುಖ್ಯ ಕಚೇರಿ ಇರುವುದು ನಮ್ಮ ಬೇಲಾಪುರದಲ್ಲೇ. ಪನ್ವೇಲಿನಲ್ಲಿ ರೈಲು ಹತ್ತಿದರೆ ಕುಂದಾಪುರ ಒಂದು ರಾತ್ರಿಯ ದಾರಿ. ಹೆಂಡತಿಗೆ ಬೇಸರವಾಯಿತು, ನನಗೂ. ತಡೆಯಲಿಲ್ಲ. ಈಗ ದೀಪಾವಳಿಗೆ ಬಂದು ಶಿವರಾತ್ರಿ ಕಳೆದು ಹೋಗುತ್ತಾರೆ.

ನಡುವೆ ಊರಿನಿಂದ ಬರುವವರ ಕೈಯಲ್ಲಿ ಬಿಸ್ಕತ್ತಿನ ಡಬ್ಬ ಕಳಿಸುತ್ತಾರೆ. ಒಳಗೆ ಹತ್ತಿಯಲ್ಲಿ ಸುತ್ತಿದ ನಾಲ್ಕೈದು ಮೀನು, ಕಣ್ಣುಗಳೆಲ್ಲ ನಡುಗೆರೆಗೆ ನೇರ, ಬಗ್ಗಿಸದೆ ಬಿಟ್ಟಿದ್ದು. ಅಲ್ಲೇ ಪಂಚಗಂಗಾವಳಿಯ ನೀರಿನಲ್ಲಿ ನೋಡಿ ಸರಿಮಾಡಿಯೇ ಕಳಿಸಬಾರದೇ ಎಂದು ಒಮ್ಮೆ ಫೋನಿನಲ್ಲಿ ಕೇಳಿದೆ. ಗಾಳ ನಿಂದು, ದಾರ ನಿಂದು, ಗಂಟೂ ನಿಂದು ಎಂದರು. "ನಿನ್ ನೀರಂಗೆ ನೀನೇ ಸಮ ಮಾಡ್ಕೋ."