ಜಾಲರಿ ಟೋಪಿ

ಕಡೂರಿನಲ್ಲಿ ರೈಲು ಹತ್ತಿ ಕೂತಿದ್ದೇ ತಡ, ಅಕ್ಕನ ಮಗಳು ಪುಸ್ತಕ ತೆಗೆದಿದ್ದಾಳೆ. ಜಾನ್ ಕ್ರಿಸ್ಟೋಫರ್ ಬರೆದ ‘ದಿ ವೈಟ್ ಮೌಂಟನ್ಸ್’, 1967ರಲ್ಲಿ ಬಂದ ಕಾದಂಬರಿ. ಬೇಸಿಗೆ ರಜೆಗೆ ಶಾಲೆಯವರು ಕೊಟ್ಟ ಓದು ಇದು. ಹಾಳೆಗಳ ನಡುವೆ ಮಡಚಿಟ್ಟ ಪ್ರಶ್ನೆಪಟ್ಟಿ ಇದೆ, ನಾಲ್ಕನೆಯದರ ಮುಂದೆ ಪೆನ್ಸಿಲ್ಲಿನಲ್ಲಿ ದೊಡ್ಡ ಗುಂಡು ಸುತ್ತಿದ್ದಾಳೆ: ಜನ ಏಕೆ ತಿರುಗಿಬೀಳಲಿಲ್ಲ?

ಕಥೆಯಲ್ಲಿ ಮೂರು ಕಾಲಿನ ದೈತ್ಯ ಯಂತ್ರಗಳು ಭೂಮಿಯನ್ನು ಆಳುತ್ತಿವೆ. ಒಳಗೆ ಯಾರಿದ್ದಾರೆಂದು ಊರಿನವರಿಗೆ ಗೊತ್ತಿಲ್ಲ, ಕೇಳುವವರೂ ಇಲ್ಲ. ಮಕ್ಕಳಿಗೆ ಹದಿನಾಲ್ಕಾಗುತ್ತಿದ್ದಂತೆ ತಲೆ ಬೋಳಿಸಿ ಲೋಹದ ಜಾಲರಿಯ ಟೋಪಿ ತೊಡಿಸುತ್ತಾರೆ. ಅದು ಚರ್ಮಕ್ಕೇ ಬೆಸೆದುಕೊಳ್ಳುತ್ತದೆ, ಮತ್ತೆ ತೆಗೆಯುವ ಹಾಗಿಲ್ಲ. ಆಮೇಲೆ ಎದುರು ಮಾತಿನ ಯೋಚನೆಯೂ ಹುಟ್ಟುವುದಿಲ್ಲ. ವಿಲ್ ಎಂಬ ಹುಡುಗ ಅದಕ್ಕೆ ಮೊದಲೇ ಊರು ಬಿಟ್ಟು ಓಡುತ್ತಾನೆ. ಇವಳಿಗೀಗ ಹದಿಮೂರು.

ಬೀರೂರು ಜಂಕ್ಷನ್. ಇಲ್ಲಿ ಹಳಿ ಕವಲಾಗುತ್ತದೆ, ಒಂದು ತರೀಕೆರೆ, ಭದ್ರಾವತಿ ದಾಟಿ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೆ. ಕಾಫಿಯವನು ಕೂಗುತ್ತಾ ಹೋಗುತ್ತಾನೆ. ಅವಳು ತಲೆಯೆತ್ತುವುದಿಲ್ಲ. ಪುಸ್ತಕದಲ್ಲೂ ಈಗ ರೈಲೇ ಬಂದಿದೆ, ಆದರೆ ಡಬ್ಬಿಗಳನ್ನು ಎಳೆಯುತ್ತಿರುವುದು ಕುದುರೆಗಳು. ಎಂಜಿನ್ ಎಂಬುದು ಮನುಷ್ಯರ ನೆನಪಿನಿಂದಲೇ ಹೋಗಿದೆ. ಒಬ್ಬ ಫ್ರೆಂಚ್ ಹುಡುಗ ಮಾತ್ರ, ಕುದಿಯುವ ನೀರಿನ ಹಬೆಯಿಂದ ಗಾಡಿ ಎಳೆಸಬಹುದಲ್ಲವೇ ಎಂದು ತನ್ನಷ್ಟಕ್ಕೇ ಯೋಚಿಸುತ್ತಿದ್ದಾನೆ.

“ಪಾಪ ಮಾಮ, ಇರೋದನ್ನೇ ಮತ್ತೆ ಕಂಡುಹಿಡೀಬೇಕು ಅವನು.”

ಅಜ್ಜಂಪುರದಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿದೆ. ಊರು ದಾಟಿ ಅಮೃತ್ ಮಹಲ್ ಕಾವಲಿನ ಅಂಚಿಗೆ ಬಂದು ನಿಲ್ಲುತ್ತೇವೆ. ಒಣಗಿದ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ. ದೂರದಲ್ಲಿ ದನದ ಹಿಂಡು ನಿಧಾನವಾಗಿ ಸರಿಯುತ್ತಿದೆ. ಗುಂಪಿನಿಂದ ಒಂದು ಹಸು ನಮ್ಮ ಕಡೆ ತಿರುಗಿ ನಿಂತಿದೆ: ಬೂದು ಮೈ, ನೀಳವಾದ ಮುಖ, ಬುಡದಲ್ಲಿ ಒತ್ತೊತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿ ತುದಿಯಲ್ಲಿ ಚೂಪಾಗಿ ಮೇಲೆದ್ದ ಕೊಂಬು. ಇವಳು ಎರಡು ಹೆಜ್ಜೆ ಮುಂದಿಡುತ್ತಾಳೆ. ಹಸು ತಲೆ ತಗ್ಗಿಸುತ್ತದೆ. ಇವಳು ಅಷ್ಟೇ ಬೇಗ ಹಿಂದೆ ಬರುತ್ತಾಳೆ.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದಿದ್ದದ್ದಕ್ಕೆ ಟಿಪ್ಪು ಅಮೃತ್ ಮಹಲ್ ಎಂದು ಹೆಸರಿಟ್ಟ. ಇದರ ಎತ್ತುಗಳು ಅವನ ಫಿರಂಗಿ ಎಳೆದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು, ಹಿಂಡು ಬ್ರಿಟಿಷರ ಕೈಸೇರಿತು. ಆಮೇಲೆ ಇದೇ ತಳಿಯ ಎತ್ತುಗಳು ಗೆದ್ದವರ ಫಿರಂಗಿಗೆ ಹೆಗಲು ಕೊಟ್ಟವು. ಖರ್ಚು ಹೆಚ್ಚಾಯಿತೆಂದು 1860ರಲ್ಲಿ ಹಿಂಡನ್ನು ಮಾರಿಬಿಟ್ಟರು. ಕೆಲವೇ ವರ್ಷಗಳಲ್ಲಿ ಅದಿಲ್ಲದೆ ಆಗದೆಂದು ಮತ್ತೆ ಕಟ್ಟಿದರು.

“ಚೆನ್ನಾಗಿ ಸಾಕ್ತಿದ್ರಾ?”

“ಚೆನ್ನಾಗೇ ಸಾಕ್ತಿದ್ರು ಪುಟ್ಟಿ. ಹುಲ್ಲುಗಾವಲು, ಕಾಯುವ ಜನ, ಲೆಕ್ಕ, ಎಲ್ಲಾ ಇತ್ತು.”

ಅವಳು ನಾಲ್ಕನೇ ಪ್ರಶ್ನೆಯ ಪಕ್ಕ ಏನೋ ಗೀಚಿಕೊಳ್ಳುತ್ತಾಳೆ.

ತರೀಕೆರೆಯ ಬಸ್ಸಿನಲ್ಲಿ ನಾನು ಪುಸ್ತಕ ಇಸಿದುಕೊಂಡು ಎಲೋಯ್ಸ್ ಬರುವ ಅಧ್ಯಾಯಕ್ಕೆ ಹೋಗುತ್ತೇನೆ. ಇಡೀ ಕಾದಂಬರಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಈ ಭಾಗವೇ. ಜ್ವರದಿಂದ ಬಿದ್ದ ವಿಲ್‌ನನ್ನು ಒಂದು ಕೋಟೆಮನೆಯವರು ಎತ್ತಿಕೊಂಡು ಬಂದು ಉಪಚರಿಸುತ್ತಾರೆ. ಒಳ್ಳೆಯ ಊಟ, ಬಟ್ಟೆ, ಕುದುರೆ, ಮನೆಮಗನ ಹಾಗೆ ಪ್ರೀತಿ. ಟೋಪಿ ಹಾಕಿಸಿಕೊಂಡು ಇಲ್ಲೇ ಇದ್ದರೇನು ಎಂದು ಅವನ ಮನಸ್ಸು ಹೊಯ್ದಾಡುತ್ತದೆ. ಆ ಮನೆಯ ಹುಡುಗಿ ಎಲೋಯ್ಸ್ ಸದಾ ತಲೆಗೆ ಬಟ್ಟೆ ಸುತ್ತಿರುತ್ತಾಳೆ. ತಮಾಷೆಗೆಂದು ಇವನು ಅದನ್ನು ಕೀಳುತ್ತಾನೆ. ಕೆಳಗೆ ಆಗಲೇ ಜಾಲರಿ ಇದೆ. ಮುಂದೆ ಆ ಯಂತ್ರಗಳ ನಗರಕ್ಕೆ ಸೇವೆಗೆ ಹೋಗಲು ಅವಳೇ ಆಯ್ಕೆಯಾಗುತ್ತಾಳೆ. ಅದನ್ನು ಅವಳು ಅಳುತ್ತಾ ಹೇಳುವುದಿಲ್ಲ, ಸಂತೋಷದಿಂದ ಹೇಳುತ್ತಾಳೆ. ವಿಲ್ ಓಡುವುದು ಆ ಸಂತೋಷವನ್ನು ಕಂಡು.

ಅನ್ಯಲೋಕದವರ ದಾಳಿಯ ಕಥೆಗಳಲ್ಲಿ ಸಾಮಾನ್ಯವಾಗಿ ಊರು ಸುಡುತ್ತದೆ, ಜನ ಕಿರುಚುತ್ತಾರೆ. ಎಚ್.ಜಿ. ವೆಲ್ಸ್ 1898ರಲ್ಲಿ ಮಂಗಳದವರನ್ನು ಇಳಿಸಿದಾಗ ಹಾಗೆಯೇ ಆಯಿತು. ಆ ಪುಸ್ತಕದ ಶುರುವಿನಲ್ಲೇ ಟ್ಯಾಸ್ಮೇನಿಯಾದ ಮೂಲನಿವಾಸಿಗಳ ಗತಿಯನ್ನು ನೆನೆದು, ನಾವೇ ಮಾಡಿದ್ದು ನಮಗೆ ಬಂದರೆ ದೂರುವುದೇಕೆ ಎಂದು ಆತ ತನ್ನ ಇಂಗ್ಲಿಷ್ ಓದುಗರನ್ನೇ ಕೇಳಿದ್ದ. ಕ್ರಿಸ್ಟೋಫರ್ ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋದ: ದಾಳಿ ಮುಗಿದು ಎಷ್ಟೋ ತಲೆಮಾರಾಗಿದೆ, ಹಳ್ಳಿ ಹಸಿರಾಗಿದೆ, ಯುದ್ಧವಿಲ್ಲ, ಟೋಪಿ ಹಾಕುವ ದಿನ ನೆಂಟರೆಲ್ಲ ಸೇರಿ ಹಬ್ಬದೂಟ ಮಾಡುತ್ತಾರೆ. ಮಕ್ಕಳಿಗೆಂದು ಬರೆದ ಪುಸ್ತಕದಲ್ಲಿ ಇಷ್ಟು ಗಟ್ಟಿ ಮಾತನ್ನು ಇಟ್ಟದ್ದಕ್ಕೆ ಅವನ ಮೇಲೆ ನನಗೆ ತುಂಬಾ ಗೌರವ.

ತರೀಕೆರೆ. ಬಸ್‌ಸ್ಟ್ಯಾಂಡಿನ ಗದ್ದಲ ದಾಟಿ ಕೆರೆ ಏರಿಯ ಕಡೆ ನಡೆಯುತ್ತೇವೆ. ಅಡಿಕೆ ತೋಟಗಳ ತಂಪು ಇಲ್ಲಿಂದಲೇ ಶುರು. ಈ ಊರಿನ ಪಾಳೆಯಗಾರ ರಂಗಪ್ಪ ನಾಯಕ 1830ರಲ್ಲಿ ನಗರದ ದಂಗೆಗೆ ಸೇರಿದ. ಕಂದಾಯದ ಹೊರೆ ತಾಳಲಾರದೆ ರೈತರು ಕೂಟ ಕಟ್ಟಿ ಎದ್ದಿದ್ದ ಕಾಲ. ಆ ನೆಪದಲ್ಲೇ 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡರು, ಐವತ್ತು ವರ್ಷ ಬಿಡಲಿಲ್ಲ. ಅದೇ ಮನೆತನದ ಸರ್ಜಾ ಹನುಮಪ್ಪ ನಾಯಕ ಮಾತ್ರ ಹೋರಾಡುತ್ತಲೇ ಇದ್ದ. 1834ರಲ್ಲಿ ಅವನನ್ನು ಗಲ್ಲಿಗೇರಿಸಿದರು.

“ಹಾಗಾದ್ರೆ ಅವನೇ ನಮ್ಮ ವಿಲ್ಲಾ?”

ಹೌದು ಎಂದುಬಿಡುವುದು ಸುಲಭ. ನಾಯಕರಿಗೆ ಬೇಕಿದ್ದದ್ದು ಕಳೆದುಹೋದ ಪಾಳೆಯಪಟ್ಟು, ರೈತರಿಗೆ ಬೇಕಿದ್ದದ್ದು ತಡೆದುಕೊಳ್ಳಬಹುದಾದ ಕಂದಾಯ, ಎರಡೂ ಒಂದೇ ಅಲ್ಲ ಎನ್ನುತ್ತೇನೆ. ಆಮೇಲೆ ಬಂದ ಕಮಿಷನರುಗಳ ಕಾಲದಲ್ಲಿ ರಸ್ತೆಯಾಯಿತು, ಕಚೇರಿಯಾಯಿತು, 1863ರಲ್ಲಿ ‘ಕಡೂರು ಜಿಲ್ಲೆ’ಯೂ ಆಯಿತು. ಇವತ್ತಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೂ ಅದೇ ಹೆಸರು. ಒಳ್ಳೆಯ ಆಡಳಿತವೆಂದು ಹೊಗಳಿದವರು ನಮ್ಮವರಲ್ಲೂ ಬೇಕಾದಷ್ಟಿದ್ದರು, ಸುಳ್ಳು ಹೇಳಿದವರೇನಲ್ಲ.

“ಅವರ ತಲೇಲಿ ಜಾಲರಿ ಇರ್ಲಿಲ್ಲವಲ್ಲ ಮಾಮ.”

“ಇರ್ಲಿಲ್ಲ.”

“ಮತ್ತೆ?”

ನನ್ನ ಉತ್ತರಕ್ಕೆ ಅವಳು ಕಾಯುವುದಿಲ್ಲ. ಏರಿಯ ಕಲ್ಲಿನ ಮೇಲೆ ಕೂತು ಪ್ರಶ್ನೆಪಟ್ಟಿಯನ್ನು ಮಂಡಿಯ ಮೇಲೆ ಹರಡುತ್ತಾಳೆ. ನಾಲ್ಕನೆಯದಕ್ಕೆ ‘ಟೋಪಿಯ ಕಾರಣದಿಂದ’ ಎಂದು ಮನೆಯಲ್ಲೇ ಬರೆದಿದ್ದಳು. ಅದನ್ನು ಹೊಡೆದುಹಾಕಿ ಕೆಳಗೆ ಬರೆಯುತ್ತಾಳೆ: ‘ತೊಡಿಸುವ ದಿನ ಅಮ್ಮ, ಅಪ್ಪ, ನೆಂಟರು ಎಲ್ಲರೂ ಖುಷಿಯಾಗಿದ್ದರು. ಎಲೋಯ್ಸ್ ಕೂಡ. ಬೇಡ ಅನ್ನೋಕೆ ವಿಲ್‌ಗೆ ಅವರ ಮೇಲೆ ಸಿಟ್ಟೇ ಇರಲಿಲ್ಲ, ಅದಕ್ಕೇ ಅವನಿಗೆ ಅಷ್ಟು ಕಷ್ಟ ಆಯಿತು.’ ಆಮೇಲೆ ಪೆನ್ಸಿಲ್ ಕಚ್ಚಿಕೊಂಡು, ಎರಡನೇ ಭಾಗ ಕಡೂರಿನ ಲೈಬ್ರರಿಯಲ್ಲಿ ಸಿಗಬಹುದಾ ಎಂದು ಕೇಳುತ್ತಾಳೆ.